ಸುದ್ದಿಗೆ ನ್ಯಾಯಾಧೀಶರು ಯಾರು?

2025ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರದ ಮಸೂದೆಯೊಂದರ ಕರಡು ಬೆಳಕಿಗೆ ಬಂದಿತು. ಜಾಲತಾಣಗಳಲ್ಲಿ ಹರಡುವ ಸುಳ್ಳುಸುದ್ದಿಯನ್ನು ತಡೆಯುವುದು ಅದರ ಉದ್ದೇಶ. 7 ವರ್ಷಗಳವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗಳವರೆಗೆ ದಂಡ. ಮೇಲ್ವಿಚಾರಣೆಗೆ ಸಚಿವರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ. ಇದು ಕರಡು ಮಾತ್ರ, ಅಂತಿಮ ರೂಪವಲ್ಲ ಎಂದು ಸರ್ಕಾರದವರು ಆಗ ಹೇಳಿದರು. ಆದರೆ ಕರಡು ಎತ್ತಿದ ಪ್ರಶ್ನೆ ಆ ಮಾತಿನಿಂದ ಕರಗಿಹೋಗುವಂಥದಲ್ಲ. ಸುದ್ದಿ ನಿಜವೋ ಸುಳ್ಳೋ ಎಂದು ತೀರ್ಮಾನಿಸುವವರು ಯಾರು?

ಸುಳ್ಳನ್ನು ನಾನು ಹಗುರವಾಗಿ ಎಣಿಸುವವನಲ್ಲ. 2018ರ ಮೇ ತಿಂಗಳಲ್ಲಿ, ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ವದಂತಿಯನ್ನು ನಂಬಿದ ಜನ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ಯುವಕನೊಬ್ಬನನ್ನು ನಮ್ಮ ಚಾಮರಾಜಪೇಟೆಯಲ್ಲಿಯೇ ಹೊಡೆದು ಕೊಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಮಂದಿರವಿರುವ ಪೇಟೆ ಅದು. ಆ ವದಂತಿ ಕೈಯಿಂದ ಕೈಗೆ ಹಾದುಬಂದದ್ದು ದೂರವಾಣಿಯ ಸಂದೇಶಗಳ ಮೂಲಕ. ಸುಳ್ಳು ಮನುಷ್ಯನ ಜೀವವನ್ನು ತೆಗೆಯಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸರ್ಕಾರದ ಪಕ್ಷವನ್ನು ವಾದಿಸುವವರ ಕೈಯಲ್ಲಿರುವ ಬಲವಾದ ಪ್ರಮಾಣವೂ ಇದೇ.

ಆದರೂ ನನ್ನ ಮನಸ್ಸು ಅದೇ ಕ್ಷಣದಲ್ಲಿ 1908ನೆಯ ಇಸವಿಗೆ ಹೋಗುತ್ತದೆ. ಆ ವರ್ಷ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ಮೈಸೂರು ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ಕಾನೂನು ಜಾರಿಗೆ ಬಂದಿತು. ಸರ್ಕಾರದ ಅನುಮತಿಯಿಲ್ಲದೆ ಯಾರೂ ಪತ್ರಿಕೆಯನ್ನು ಹೊರಡಿಸುವಂತಿಲ್ಲ. ಅನುಮತಿಯನ್ನು ಕೊಡುವವರೂ ಸರ್ಕಾರದವರೇ, ಹಿಂದಕ್ಕೆ ತೆಗೆದುಕೊಳ್ಳುವವರೂ ಅವರೇ. ‘ತಾತಯ್ಯ’ ಎಂದು ನಾಡೆಲ್ಲ ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆ ಕಟ್ಟಿಗೆ ತಲೆಬಾಗುವುದಕ್ಕಿಂತ ತಮ್ಮ ಪತ್ರಿಕೆಗಳನ್ನು ನಿಲ್ಲಿಸುವುದೇ ಲೇಸೆಂದು ನಿಲ್ಲಿಸಿಬಿಟ್ಟರು. ಆ ಕಾನೂನನ್ನು ತಂದವರೂ ರಾಜ್ಯದ ಶಾಂತಿಯ ಹೆಸರಿನಲ್ಲಿಯೇ ತಂದರೆಂಬುದನ್ನು ಮರೆಯಬಾರದು. ಪತ್ರಿಕೆಯನ್ನು ಕಟ್ಟಿಹಾಕುವ ಯಾವ ಕಾನೂನೂ ದುರುದ್ದೇಶದ ಹೆಸರು ಹೊತ್ತು ಬರುವುದಿಲ್ಲ.

ಆಗ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 21 ವರ್ಷದ ತರುಣರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿ, ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಲಾರದೆ, ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವ ಕಾರ್ಖಾನೆಯಲ್ಲಿಯೂ ದುಡಿದು, ಕಡೆಗೆ ಪತ್ರಿಕೆಗಳ ಬಾಗಿಲಲ್ಲಿ ನಿಂತವರು. ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ಮಾತ್ರ ಅವರನ್ನು ಬಲ್ಲ ಇಂದಿನ ವಿದ್ಯಾರ್ಥಿಗಳಿಗೆ, ಅವರ ಜೀವನದ ಮೊದಲ ಉದ್ಯೋಗ ರಾಜಕೀಯ ಪತ್ರಿಕೋದ್ಯೋಗವೆಂಬುದು ಆಶ್ಚರ್ಯವಾಗಿ ತೋರಬಹುದು. ‘ಕಗ್ಗ’ ಹೊರಬಂದದ್ದು 1943ರಲ್ಲಿ. ಅದಕ್ಕೆ ಮೂರು ದಶಕಗಳ ಹಿಂದೆಯೇ ಅವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾಗಿದ್ದರು. ವಾರಕ್ಕೆರಡು ಸಲ ಬರುತ್ತಿದ್ದ ಆ ಪತ್ರಿಕೆ 1921ರವರೆಗೆ ನಡೆಯಿತು. ದೇಶೀಯ ಸಂಸ್ಥಾನಗಳ ಪ್ರಜೆಗಳಿಗೆ ಭಾರತದ ರಾಜ್ಯಾಂಗದಲ್ಲಿ ಯಾವ ಸ್ಥಾನವೆಂಬುದು ಅವರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1926ರಿಂದ 1940ರವರೆಗೆ ಮೈಸೂರಿನ ನ್ಯಾಯವಿಧಾಯಕ ಸಭೆಯಲ್ಲಿಯೂ ಕುಳಿತವರು.

ಗುಂಡಪ್ಪನವರು ಅಧಿಕಾರದಿಂದ ದೂರ ಬಾಳಿದವರಲ್ಲ. ವಿಶ್ವೇಶ್ವರಯ್ಯನವರು ಅವರಿಗೆ ಆಪ್ತರು. ದಿವಾನರುಗಳ ಮನೆಯ ಮೆಟ್ಟಿಲು ಅವರಿಗೆ ಅಪರಿಚಿತವಾಗಿರಲಿಲ್ಲ. ಆದರೆ ಪರಿಚಯವನ್ನು ಅವರು ಹಣವಾಗಿ ಮಾರ್ಪಡಿಸಿಕೊಳ್ಳಲಿಲ್ಲ. 1970ರಲ್ಲಿ ಬೆಂಗಳೂರಿನ ಸಾರ್ವಜನಿಕ ಸಮಾರಂಭದಲ್ಲಿ ಅವರಿಗೆ ಅರ್ಪಿಸಿದ ಒಂದು ಲಕ್ಷ ರೂಪಾಯಿಗಳ ನಿಧಿಯನ್ನೂ ಅವರು ತಮ್ಮ ಮನೆಗೆ ಒಯ್ಯದೆ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಆಗ ಅವರಿಗೆ 83 ವರ್ಷ, ಶ್ರೀಮಂತರೇನೂ ಅಲ್ಲ.

ಅವರ ಜೀವನವನ್ನು ನೆನೆಯುವಾಗಲೆಲ್ಲ ನನಗೆ ಅಮೆರಿಕದ ವಾಲ್ಟರ್ ಲಿಪ್ಮನ್ ನೆನಪಿಗೆ ಬರುತ್ತಾನೆ. ಇಬ್ಬರೂ ಸಮಕಾಲೀನರು. ಲಿಪ್ಮನ್ ಹುಟ್ಟಿದ್ದು 1889ರಲ್ಲಿ, ತೀರಿಕೊಂಡದ್ದು 1974ರ ಡಿಸೆಂಬರಿನಲ್ಲಿ. ಗುಂಡಪ್ಪನವರು ತೀರಿಕೊಂಡದ್ದು 1975ರ ಅಕ್ಟೋಬರಿನಲ್ಲಿ. ಒಬ್ಬನು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಲಿತವನು. ಇನ್ನೊಬ್ಬರು ಯಾವ ವಿಶ್ವವಿದ್ಯಾನಿಲಯದ ತರಗತಿಯಲ್ಲಿಯೂ ಕುಳಿತವರಲ್ಲ. 1931ರಿಂದ 1967ರವರೆಗೆ ಲಿಪ್ಮನ್ ಬರೆದ ಅಂಕಣವನ್ನು ಅಮೆರಿಕದ ಅಧ್ಯಕ್ಷರುಗಳೇ ಕಾದು ಓದುತ್ತಿದ್ದರು. ಅವನೂ ಅಧಿಕಾರದ ಬಳಿ ಸುಳಿದವನೇ; ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಧ್ಯಕ್ಷ ವಿಲ್ಸನ್ನರ ಹದಿನಾಲ್ಕು ಸೂತ್ರಗಳ ಸಿದ್ಧತೆಯಲ್ಲಿ ಕೈಜೋಡಿಸಿದವನು. ಆದರೂ ಇಳಿವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧದ ವಿಷಯವಾಗಿ ಅಧ್ಯಕ್ಷ ಜಾನ್ಸನ್ನರನ್ನು ನೇರವಾಗಿ ಎದುರಿಸಿದನು.

ನಮ್ಮ ಪ್ರಶ್ನೆಗೆ ಹತ್ತಿರವಾದದ್ದು ಅವನು 1920ರಲ್ಲಿ ಮಾಡಿದ ಒಂದು ಕೆಲಸ. ಗೆಳೆಯ ಚಾರ್ಲ್ಸ್ ಮರ್ಜ್‌ನೊಡನೆ ಕುಳಿತು, ರಷ್ಯದ ಕ್ರಾಂತಿಯ ವಿಷಯವಾಗಿ ‘ನ್ಯೂಯಾರ್ಕ್ ಟೈಮ್ಸ್’ ಮೂರು ವರ್ಷ ಪ್ರಕಟಿಸಿದ ಸುದ್ದಿಯನ್ನೆಲ್ಲ ಒರೆಗೆ ಹಚ್ಚಿದನು. ಬೋಲ್ಷೆವಿಕರ ಆಳ್ವಿಕೆ ಕುಸಿದಿದೆ, ಅಥವಾ ಇನ್ನೇನು ಕುಸಿಯಲಿದೆ, ಎಂದು ಆ ಪತ್ರಿಕೆ 91 ಸಲ ಬರೆದಿತ್ತು! ಅಷ್ಟು ಪ್ರತಿಷ್ಠಿತ ಪತ್ರಿಕೆಯ ದೋಷವನ್ನು ತೋರಿಸಿಕೊಟ್ಟವರು ಪೋಲೀಸರಲ್ಲ, ಮಂತ್ರಿಗಳಲ್ಲ. ಇನ್ನೊಂದು ಪತ್ರಿಕೆಯಲ್ಲಿ ಬರೆದ ಇಬ್ಬರು ಪತ್ರಿಕಾಕರ್ತರು. ಯಾರೂ ಸೆರೆಮನೆಗೆ ಹೋಗಲಿಲ್ಲ. ಓದುಗರು ಎಚ್ಚರಗೊಳ್ಳುವುದಕ್ಕೆ ಮಾತ್ರ ದಾರಿಯಾಯಿತು.

ಎರಡು ವರ್ಷಗಳ ತರುವಾಯ ‘ಪಬ್ಲಿಕ್ ಒಪೀನಿಯನ್’ ಗ್ರಂಥದಲ್ಲಿ ಲಿಪ್ಮನ್ ನಿರಾಶೆಯ ಕಡೆಗೆ ವಾಲಿದನು. ಸಾಮಾನ್ಯ ಪ್ರಜೆ ಪ್ರಪಂಚವನ್ನು ಕಣ್ಣಾರೆ ಕಾಣಲಾರನು. ತಲೆಯೊಳಗಿನ ಚಿತ್ರವನ್ನೇ ಪ್ರಪಂಚವೆಂದು ಭ್ರಮಿಸುತ್ತಾನೆ. ಆದ್ದರಿಂದ ತಜ್ಞರು ಸಂಗತಿಗಳನ್ನು ಶೋಧಿಸಿ ಆಳುವವರ ಮುಂದಿಡಬೇಕೆಂಬುದು ಅವನು ಕಂಡ ಪರಿಹಾರ. ಗುಂಡಪ್ಪನವರು ಹಿಡಿದದ್ದು ಬೇರೆ ಹಾದಿ. 1945ರಲ್ಲಿ ಅವರು ಬಸವನಗುಡಿಯಲ್ಲಿ ಗೋಖಲೆಯವರ ಹೆಸರಿನ ಸಂಸ್ಥೆಯನ್ನು ಕಟ್ಟಿದಾಗ ಅಲ್ಲಿ ಇರಿಸಿದ್ದು ಗ್ರಂಥಭಂಡಾರ, ಉಪನ್ಯಾಸ, ಅಧ್ಯಯನಗೋಷ್ಠಿ. ಪ್ರಜೆ ಅಜ್ಞನಾದರೆ ಅವನ ಬದಲು ಬೇರೊಬ್ಬರು ಆಲೋಚಿಸುವುದಲ್ಲ, ಅವನೇ ಓದಿ ವಿಚಾರಮಾಡುವಂತೆ ಅಣಿಗೊಳಿಸಬೇಕೆಂಬ ನಂಬಿಕೆ ಆ ಕಟ್ಟಡದಲ್ಲಿದೆ.

ಆ ನಂಬಿಕೆಯ ಮಿತಿಯನ್ನೂ ಹೇಳಬೇಕು. ಅವರ ‘ಕರ್ನಾಟಕ’ ನಡೆದದ್ದು ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲವರು ಅಂದಿನ ಮೈಸೂರಿನಲ್ಲಿ ಎಷ್ಟು ಮಂದಿ? 1918ರಲ್ಲಿ ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಕುರಿತು ಮಿಲ್ಲರ್ ಸಮಿತಿ ನೇಮಕವಾದಾಗ, ಸಂಸ್ಥಾನದ ಬಹುಸಂಖ್ಯಾತರ ಅಳಲು ಬಸವನಗುಡಿಯ ಜಗಲಿಗಳಿಗೆ ಕೇಳಿಸಿದ್ದು ಕಡಮೆ. ಓದುಗನೇ ನ್ಯಾಯಾಧೀಶನೆನ್ನುವವರು, ಓದುವ ಭಾಗ್ಯವಿಲ್ಲದವರನ್ನು ಪೀಠದಿಂದ ಹೊರಗಿಟ್ಟಂತಾಗಬಾರದು. ಇಂದು ಕೈಯಲ್ಲಿ ದೂರವಾಣಿ ಹಿಡಿದ ಪ್ರತಿಯೊಬ್ಬನೂ ಓದುಗ, ಪ್ರತಿಯೊಬ್ಬನೂ ಪ್ರಕಾಶಕ. ಗುಂಡಪ್ಪನವರ ಕೆಲಸ ಮುಗಿದಿಲ್ಲ, ನೂರುಪಟ್ಟು ದೊಡ್ಡದಾಗಿದೆ.

ಕೇಂದ್ರ ಸರ್ಕಾರವೂ 2023ರಲ್ಲಿ ಒಂದು ನಿಯಮವನ್ನು ಮಾಡಿ, ತನ್ನ ಕಾರ್ಯಕಲಾಪಗಳನ್ನು ಕುರಿತ ಜಾಲದ ಸುದ್ದಿಯಲ್ಲಿ ಯಾವುದು ಸುಳ್ಳೆಂದು ತನ್ನದೇ ಘಟಕವೊಂದು ಗುರುತಿಸುವಂತೆ ಏರ್ಪಡಿಸಿತ್ತು. ಮುಂಬಯಿಯ ಉಚ್ಚ ನ್ಯಾಯಾಲಯ 2024ರ ಸೆಪ್ಟೆಂಬರಿನಲ್ಲಿ ಅದನ್ನು ರದ್ದುಪಡಿಸಿತು. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು. ಆಸೆ ಮಾತ್ರ ಒಂದೇ. ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗುವ ಆಸೆ ಅದು.

ಸರ್ಕಾರವಲ್ಲದೆ ಇನ್ನೊಬ್ಬ ತೀರ್ಪುಗಾರನೂ ಇದ್ದಾನೆ. ಗೌರಿ ಲಂಕೇಶರ ಪತ್ರಿಕೆ ಹೊರಡುತ್ತಿದ್ದದ್ದು ಇದೇ ಬಸವನಗುಡಿಯಿಂದ. 2017ರ ಸೆಪ್ಟೆಂಬರ್ 5ರಂದು ರಾಜರಾಜೇಶ್ವರಿ ನಗರದ ಅವರ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅವರ ಬರಹವನ್ನು ಒಪ್ಪುವುದೂ ಬಿಡುವುದೂ ಓದುಗನ ಹಕ್ಕಾಗಿತ್ತು. ಆ ಹಕ್ಕನ್ನು ಕೊಲೆಗಡುಕರು ತಾವೇ ಕಿತ್ತುಕೊಂಡರು.

ಚಾಮರಾಜಪೇಟೆಯ ಸಾವನ್ನು ಮರೆಯದೆಯೇ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಹಿಂಸೆಗೆ ಪ್ರಚೋದಿಸುವ ಮಾತಿಗೂ ಕೊಲೆಗೂ ಶಿಕ್ಷೆಯಾಗಲಿ. ಆದರೆ ಆ ಶಿಕ್ಷೆ ತೆರೆದ ನ್ಯಾಯಾಲಯದಲ್ಲಿ, ಸಾಕ್ಷ್ಯದ ಮೇಲೆ ಆಗಲಿ. ಆಳುವವರನ್ನು ಕುರಿತ ಮಾತಿನ ಸತ್ಯಾಸತ್ಯವನ್ನು ಆಳುವವರ ಕೈಗೆ ಒಪ್ಪಿಸುವುದು ಬೇಡ. ಉಳಿದ ಭಾರ ಉಪಾಧ್ಯಾಯರದು, ವಿದ್ಯಾರ್ಥಿಗಳದು, ನಮ್ಮೆಲ್ಲರದು. ಒಂದು ಸುದ್ದಿಯನ್ನು ಇನ್ನೊಬ್ಬರಿಗೆ ರವಾನಿಸುವ ಮೊದಲು, ಇದನ್ನು ಹೇಳಿದವರು ಯಾರು, ಅವರು ಕಂಡದ್ದೇನು ಎಂದು ಕೇಳುವ ಅಭ್ಯಾಸವನ್ನು ಯಾವ ಮಸೂದೆಯೂ ಕಲಿಸಲಾರದು. ಅದನ್ನು ಶಾಲೆಯ ಕೊಠಡಿಯಲ್ಲಿಯೂ ವಾಚನಾಲಯದ ಮೇಜಿನ ಸುತ್ತಲೂ ಕಲಿಸಬೇಕು. ಗುಂಡಪ್ಪನವರು ತಮಗೆ ಬಂದ ಲಕ್ಷ ರೂಪಾಯಿಗಳನ್ನು ಸುರಿದದ್ದು ಅಂಥ ಒಂದು ಮೇಜಿಗಾಗಿ.