ಒಣ ಸೇಬಿನಲ್ಲಿ ಹೋದದ್ದೇನು, ಉಳಿದದ್ದೇನು?



ಕೆಲವು ದಿನಗಳ ಹಿಂದೆ ಪುಣೆಯ ನನ್ನ ಒಪಿಡಿಗೆ ಧಾರವಾಡದ ಕಡೆಯ ಒಬ್ಬ ತಾಯಿ ಬಂದಿದ್ದರು. ವಯಸ್ಸು 68, ಮಗನ ಮನೆಯಲ್ಲಿದ್ದಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ಸಕ್ಕರೆ ಕಾಯಿಲೆಯೂ ಇದೆ. ಈ ಸಲದ ರಿಪೋರ್ಟಿನಲ್ಲಿ ಸಕ್ಕರೆ ಏರಿತ್ತು. ಊಟದಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿದೆ.

"ಸಕ್ರಿ ಮುಟ್ಟೂದ ಬಿಟ್ಟೀನ್ರಿ ಡಾಕ್ಟರ. ಚಾಕ್ಕೂ ಹಾಕ್ಕೊಳ್ಳೂದಿಲ್ಲ. ಸಂಜಿಮುಂದ ಇದನ್ನ ತಿಂತೀನಿ, ಅಷ್ಟ" ಎಂದು ಚೀಲದಿಂದ ಒಣ ಸೇಬಿನ ಪ್ಯಾಕೆಟ್ ತೆಗೆದು ತೋರಿಸಿದರು. ಮಗ-ಸೊಸೆ ಮನಾಲಿಗೆ ಹೋದಾಗ ತಂದದ್ದು. "ನೀವ ಹೇಳಿದ್ರಲ್ರೀ, ಬಿಸ್ಕೀಟ ಬಿಟ್ಟು ಡ್ರೈ ಫ್ರೂಟ್ಸ್ ತಿನ್ರಿ ಅಂತ."

ಹೌದು, ನಾನೇ ಹೇಳಿದ್ದೆ. ನನ್ನ ಮನಸ್ಸಿನಲ್ಲಿದ್ದುದು ನಾಲ್ಕು ಬಾದಾಮಿ, ಎರಡು ಅಕ್ರೋಟು. ಅದನ್ನು ಬಿಡಿಸಿ ಹೇಳದಿದ್ದುದು ನನ್ನ ತಪ್ಪು. ಆ ತಪ್ಪನ್ನು ತಿದ್ದಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಬಾದಾಮಿ, ಅಕ್ರೋಟುಗಳಲ್ಲಿ ಇರುವುದು ಹೆಚ್ಚಾಗಿ ಒಳ್ಳೆಯ ಕೊಬ್ಬು ಮತ್ತು ಪ್ರೋಟೀನ್. ಸಕ್ಕರೆ ಬಹಳ ಕಡಿಮೆ. ಒಣ ಸೇಬು ಹಾಗಲ್ಲ. ಅದು ನೀರು ತೆಗೆದ ಹಣ್ಣು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಒಂದೇ ಹೆಸರಿನಿಂದ ಕರೆಯುತ್ತೇವೆ, ಅಲ್ಲಿಂದಲೇ ಗೊಂದಲ ಶುರು.

ಲೆಕ್ಕ ನೋಡಿ. ತಾಜಾ ಸೇಬಿನ ತೂಕದಲ್ಲಿ ಸುಮಾರು 85 ಭಾಗ ನೀರು. 100 ಗ್ರಾಂ ತಾಜಾ ಸೇಬಿನಲ್ಲಿ ಸುಮಾರು 52 ಕ್ಯಾಲೊರಿ, 10 ಗ್ರಾಂ ಸಕ್ಕರೆ. ಅದೇ 100 ಗ್ರಾಂ ಮೆತ್ತನೆಯ ಒಣ ಸೇಬಿನಲ್ಲಿ ಸುಮಾರು 240 ಕ್ಯಾಲೊರಿ, 57 ಗ್ರಾಂ ಸಕ್ಕರೆ. ಗರಿಗರಿಯಾಗಿ ಒಣಗಿಸಿದ್ದರೆ ಇನ್ನೂ ಹೆಚ್ಚು. ಯಾರೂ ಸಕ್ಕರೆ ಬೆರೆಸಿಲ್ಲ, ನೀರು ಹೋಗಿದೆ ಅಷ್ಟೇ. ವಿಜಯಪುರದ ಕಡೆಯವರಿಗೆ ಇದು ಹೊಸದಲ್ಲ: ಒಂದು ಕಿಲೋ ಒಣದ್ರಾಕ್ಷಿಗೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಬೇಕು.

ಹಾಗಾದರೆ ಒಣಗಿಸಿದಾಗ ಸತ್ವ ಹೋಗುವುದಿಲ್ಲವೇ? ಸ್ವಲ್ಪ ಹೋಗುತ್ತದೆ. ವಿಟಮಿನ್ ಸಿ ಬಿಸಿ ಮತ್ತು ಗಾಳಿಗೆ ಬಹುಪಾಲು ನಾಶವಾಗುತ್ತದೆ. ಆದರೆ ಸೇಬಿನಲ್ಲಿ ಅದು ಮೊದಲೇ ಕಡಿಮೆ. ವಿಟಮಿನ್ ಸಿ ಬೇಕಿದ್ದರೆ ನೆಲ್ಲಿಕಾಯಿ, ಪೇರಲೆ ತಿನ್ನಿ. ಸಿಪ್ಪೆ ತೆಗೆದು ಒಣಗಿಸಿದರೆ, ಸಿಪ್ಪೆಯಲ್ಲೇ ಹೆಚ್ಚಾಗಿರುವ ಕ್ವೆರ್ಸಿಟಿನ್‌ನಂಥ ಒಳ್ಳೆಯ ಅಂಶಗಳೂ ಕಸದ ಬುಟ್ಟಿ ಸೇರುತ್ತವೆ. ನಾರು ಮತ್ತು ಪೊಟ್ಯಾಸಿಯಂ ಉಳಿಯುತ್ತವೆ. ಕೆಟ್ಟ ಕೊಲೆಸ್ಟ್ರಾಲ್ ತಗ್ಗಿಸಲು ಸ್ವಲ್ಪ ನೆರವಾಗುವ ಪೆಕ್ಟಿನ್ ಕೂಡ ಆ ನಾರಿನಲ್ಲೇ ಇರುವುದು. ಆದ್ದರಿಂದ ಒಣ ಸೇಬು ವಿಷವಲ್ಲ. ಮೈದಾ ಬಿಸ್ಕತ್ತಿಗಿಂತ ಖಂಡಿತ ಮೇಲು.

ನನ್ನ ಪ್ರಕಾರ ನಿಜವಾದ ನಷ್ಟ ವಿಟಮಿನ್ನಿನದಲ್ಲ, ನೀರಿನದು. ಒಂದು ತಾಜಾ ಸೇಬನ್ನು ಅಗಿದು ತಿನ್ನುವಷ್ಟರಲ್ಲಿ ಹೊಟ್ಟೆ "ಸಾಕು" ಎನ್ನುತ್ತದೆ. ಅದೇ ಸೇಬು ಒಣಗಿದರೆ 35–40 ಗ್ರಾಂ, ಒಂದು ಹಿಡಿಯಷ್ಟು. ಟಿವಿ ನೋಡುತ್ತ ಮೂರು ಹಿಡಿ ತಿಂದರೂ ತಿಂದ ಹಾಗೆ ಅನಿಸುವುದಿಲ್ಲ. ಒಂದೇ ಸಲಕ್ಕೆ ಮೂರು ಸೇಬು ಕೊಟ್ಟರೆ ನಮ್ಮ ಆ ತಾಯಿ ಕೈಮುಗಿದು ಬೇಡ ಎನ್ನುತ್ತಿದ್ದರು. 200 ಗ್ರಾಂ ಪ್ಯಾಕೆಟ್ ಎರಡು ದಿನಕ್ಕೆ ಮುಗಿದಿತ್ತು. ಎಂದರೆ ಐದು ಸೇಬು, 110 ಗ್ರಾಂಗೂ ಹೆಚ್ಚು ಸಕ್ಕರೆ.

ಹಾಗಾಗಿ ನನ್ನ ಸಲಹೆ ಇಷ್ಟು:

1. ತಾಜಾ ಸೇಬು ಸಿಗುವಾಗ ಸಿಪ್ಪೆಸಮೇತ ತೊಳೆದು ತಿನ್ನಿ. ಒಣ ಸೇಬು ಪ್ರಯಾಣಕ್ಕೆ, ಮಕ್ಕಳ ಡಬ್ಬಿಗೆ ಇರಲಿ.

2. ಪ್ಯಾಕೆಟ್ಟಿನಿಂದ ನೇರ ತಿನ್ನಬೇಡಿ. ಒಂದು ಚಿಕ್ಕ ಬಟ್ಟಲಿಗೆ ಹಾಕಿಕೊಂಡು ಪ್ಯಾಕೆಟ್ ಒಳಗಿಡಿ. ಸಕ್ಕರೆ ಕಾಯಿಲೆ ಇದ್ದರೆ ಅರ್ಧ ಹಿಡಿ ಸಾಕು, ಅದೂ ದಿನದ ಹಣ್ಣಿನ ಲೆಕ್ಕದಲ್ಲೇ.

3. ಪ್ಯಾಕೆಟ್ಟಿನ ಹಿಂಬದಿ ಓದಿ. ಸಕ್ಕರೆ, ಎಣ್ಣೆ ಎಂದಿದ್ದರೆ ಅದು ಹಣ್ಣಲ್ಲ, ಕುರುಕಲು ತಿಂಡಿ. ಬಣ್ಣ ಕೆಡದಿರಲಿ ಎಂದು ಹಾಕುವ ಸಲ್ಫರ್ ಡೈಆಕ್ಸೈಡ್ ಐಎನ್ಎಸ್ 220 ಎಂದು ನಮೂದಾಗಿರುತ್ತದೆ. ಅಸ್ತಮಾ ಇರುವ ಕೆಲವರಿಗೆ ಅದರಿಂದ ಉಬ್ಬಸ ಬರಬಹುದು.

4. ಮೂತ್ರಪಿಂಡದ ತೊಂದರೆ ಇದ್ದವರು, ಸ್ಪೈರನೋಲ್ಯಾಕ್ಟೋನ್‌ನಂಥ ಮಾತ್ರೆ ನುಂಗುವ ಹೃದ್ರೋಗಿಗಳು ನಿಮ್ಮ ವೈದ್ಯರನ್ನು ಕೇಳಿಯೇ ತಿನ್ನಿ. ತೂಕಕ್ಕೆ ತೂಕ ಹೋಲಿಸಿದರೆ ಒಣ ಸೇಬಿನಲ್ಲಿ ಪೊಟ್ಯಾಸಿಯಂ ಸುಮಾರು ನಾಲ್ಕು ಪಟ್ಟು.

ಊರು ಬಿಟ್ಟು ದೂರ ಇರುವ ನಾವು ಅಪ್ಪ-ಅಮ್ಮನಿಗೆ ಪ್ರೀತಿಯನ್ನು ಹೆಚ್ಚಾಗಿ ಪ್ಯಾಕೆಟ್ಟಿನಲ್ಲೇ ಕಳಿಸುತ್ತೇವೆ. ಕಳಿಸಿ, ತಪ್ಪಿಲ್ಲ. ಜೊತೆಗೆ "ಒಂದು ಹಿಡಿ ಅಂದ್ರೆ ಒಂದು ಪೂರ್ತಿ ಸೇಬು, ಅಮ್ಮಾ" ಎಂದು ಒಂದು ಮಾತು ಫೋನಿನಲ್ಲಿ ಹೇಳಿಬಿಡಿ. ನಾನು ಹೇಳದೆ ಬಿಟ್ಟದ್ದು ಆ ಒಂದು ಮಾತನ್ನೇ.

ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ.

— ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ., ಪುಣೆ