ಮಹಾನದಿಯಿಂದ ಮನೆಗೆ

ಪರದೇಶದಿಂದ ಊರಿಗೆ ಮರಳುವುದೆಂದರೆ ಹಿಗ್ಗಿನ ಸಂಗತಿಯೆಂದೇ ನಾವೆಲ್ಲ ಬಗೆಯುತ್ತೇವೆ. ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಆಂಗ್ಲ ಪ್ರಕೃತಿವಿಜ್ಞಾನಿಯ ಅನುಭವ ಬೇರೆಯೇ ತೆರನಾದುದು. ಹನ್ನೊಂದು ವರ್ಷ ಅಮೆಜಾನ್ ನದಿಯ ತೀರದಲ್ಲಿ ಕಳೆದು, 1859ರ ಜೂನ್ 2ರಂದು ಬ್ರೆಜಿಲಿನ ಪಾರಾ ರೇವಿನಲ್ಲಿ ಹಡಗು ಹತ್ತಿದ ಆತನ ಕಣ್ಣಿಗೆ ಕಟ್ಟಿದುದು ತವರಿನ ಸುಖವಲ್ಲ. ಮಬ್ಬು ಕವಿದ ಸಂಜೆಗಳು, ಕಾರ್ಖಾನೆಯ ಚಿಮಣಿಗಳು, ಮುಂಜಾನೆ ಕೂಲಿಗಳನ್ನು ಕರೆಯುವ ಗಂಟೆ.

ಲೆಸ್ಟರ್ ಪಟ್ಟಣದ ಬೇಟ್ಸ್ ಬಾಲ್ಯದಲ್ಲೇ ಕಾಲುಚೀಲದ ವ್ಯಾಪಾರಿಯೊಬ್ಬನ ಬಳಿ ದುಡಿಮೆಗೆ ಸೇರಿದವನು. ಬಿಡುವು ಸಿಕ್ಕಾಗ ಜೀರುಂಡೆಗಳನ್ನು ಹಿಡಿಯುವುದು ಅವನಿಗೆ ಹುಚ್ಚು. 1848ರಲ್ಲಿ ಗೆಳೆಯ ಆಲ್ಫ್ರೆಡ್ ರಸೆಲ್ ವಾಲೇಸನೊಡನೆ ಅಮೆಜಾನಿಗೆ ಹೊರಟಾಗ ವಯಸ್ಸು 23. ಹಿಡಿದ ಕೀಟಗಳನ್ನು ಲಂಡನ್ನಿನ ಏಜೆಂಟನಿಗೆ ಕಳುಹಿಸಿ, ಮಾರಿ ಬಂದ ಹಣದಲ್ಲಿ ಜೀವನ. ಒಮ್ಮೆ ಎಗಾ ಎಂಬ ಹಳ್ಳಿಯಲ್ಲಿ ಹನ್ನೆರಡು ತಿಂಗಳು ಕಾಗದವೂ ಇಲ್ಲ, ಹಣವೂ ಇಲ್ಲ. ಬಟ್ಟೆ ಚಿಂದಿಯಾಯಿತು, ಕಾಡಿನಲ್ಲಿ ಬರಿಗಾಲ ನಡಿಗೆ. ಕೈಗೆ ಸಿಕ್ಕ ಹಳೆಯ ಪತ್ರಿಕೆಯನ್ನು ಮೂರು ಸಲ ಓದುತ್ತಿದ್ದನಂತೆ: ಮೊದಲು ರುಚಿಸಿದ ಲೇಖನಗಳು, ಅನಂತರ ಉಳಿದವು, ಕಡೆಗೆ ಜಾಹೀರಾತುಗಳು! ವಾರಪತ್ರಿಕೆಗೆ ಇಂಥ ವಾಚಕ ಸಿಗುವುದು ಪುಣ್ಯವೇ ಸರಿ.

ಆದರೂ ಆತ ಓಡಿಬರಲಿಲ್ಲ. ಪುಟ್ಟ ಹಕ್ಕಿಗಳನ್ನು ಕೊಲ್ಲುವ ದೈತ್ಯ ಜೇಡವನ್ನು ಅಲ್ಲಿ ಕಂಡ; ಅಂತಹ ಜೇಡವೊಂದರ ನಡುವಿಗೆ ದಾರ ಕಟ್ಟಿ, ನಾಯಿಯಂತೆ ಮನೆಯೊಳಗೆಲ್ಲ ನಡೆಸುತ್ತಿದ್ದ ಮಕ್ಕಳನ್ನೂ ಕಂಡ. ಹಕ್ಕಿಗಳಿಗೆ ರುಚಿಸದ ಚಿಟ್ಟೆಯ ವೇಷವನ್ನೇ ಬೇರೊಂದು ಜಾತಿಯ ಚಿಟ್ಟೆ ತೊಟ್ಟು ಜೀವ ಉಳಿಸಿಕೊಳ್ಳುವ ಸೋಜಿಗವನ್ನು ಗುರುತಿಸಿದ. 1862ರಲ್ಲಿ ಪ್ರಕಟವಾದ ಆ ವಿವರಣೆಗೆ ಇಂದಿಗೂ ಬೇಟ್ಸನ ಹೆಸರೇ ಇದೆ.

ಆತನ ಕಣ್ಣು ಅಂದವನ್ನಷ್ಟೇ ನೋಡಲಿಲ್ಲ. ಆಮೆಗಳು ಮರಳದಿಣ್ಣೆಯಲ್ಲಿ ಮೊಟ್ಟೆಯಿಟ್ಟೊಡನೆ ಊರಿಗೆ ಊರೇ ಬಂದು ಅಗೆಯುತ್ತಿತ್ತು. ದೀಪಕ್ಕೆ, ಮೀನು ಹುರಿಯುವುದಕ್ಕೆ ಆ ಮೊಟ್ಟೆಗಳ ಎಣ್ಣೆ. ಒಂದು ಜಾಡಿಗೆ ಸುಮಾರು 6,000 ಮೊಟ್ಟೆ, ವರ್ಷಕ್ಕೆ 8,000 ಜಾಡಿ. ಅಂದರೆ 4 ಕೋಟಿ 80 ಲಕ್ಷ ಮೊಟ್ಟೆಗಳು ನಾಶವಾಗುತ್ತಿವೆಯೆಂದು ಲೆಕ್ಕ ಹಾಕಿ ಬರೆದಿಟ್ಟ. ನದಿಯ ಸಂಪತ್ತು ಅಕ್ಷಯವೆಂದು ಜನ ನಂಬಿದ್ದ ದಿನಗಳಲ್ಲಿ ಈ ಲೆಕ್ಕ ಸಣ್ಣದಲ್ಲ.

ಕಡೆಗೆ ಆರೋಗ್ಯ ಕೆಟ್ಟಿತು, ಹೊರಡಲೇಬೇಕಾಯಿತು. 1852ರಲ್ಲಿ ವಾಲೇಸನ ಹಡಗು ನಡುಗಡಲಲ್ಲಿ ಉರಿದು, ಅವನ ಸಂಗ್ರಹ ಬೂದಿಯಾಗಿತ್ತು. ಬೇಟ್ಸ್ ತನ್ನ ಸ್ವಂತ ಸಂಗ್ರಹವನ್ನು ಮೂರು ಪಾಲು ಮಾಡಿ ಮೂರು ಹಡಗುಗಳಲ್ಲಿ ಕಳುಹಿಸಿದ. ಹನ್ನೊಂದು ವರ್ಷಗಳಲ್ಲಿ ಆತ ಕೂಡಿಸಿದ್ದು 14,712 ಜಾತಿಯ ಜೀವಿಗಳು. ಸುಮಾರು 8,000 ವಿಜ್ಞಾನಕ್ಕೆ ಹೊಸವು. ಜೂನ್ 6ರಂದು, ನದೀಮುಖದಿಂದ 400 ಮೈಲಿ ದೂರದ ತೆರೆದ ಕಡಲಿನಲ್ಲಿ, ತೇಲಿಬರುತ್ತಿದ್ದ ಹುಲ್ಲಿನ ನಡುವೆ ಅಮೆಜಾನಿನ ತಾಳೆಜಾತಿಯ ಹಣ್ಣುಗಳು ಕಾಣಿಸಿದವು. ಮಹಾನದಿಯ ಕೊನೆಯ ನೋಟ ಅದೇ.

ಊರಿನಲ್ಲಿ ಮೂರು ವರ್ಷ ಕಳೆದ ಮೇಲೆ, ನಾಗರಿಕ ಜೀವನವೇ ಮೇಲೆಂದು ಆತ ತನ್ನ ಪುಸ್ತಕದಲ್ಲಿ ಬರೆದ. ಬುದ್ಧಿ ಒಪ್ಪಿದ್ದನ್ನು ಮನಸ್ಸೂ ಒಪ್ಪಿತ್ತೇ? ನನಗೆ ಅನುಮಾನ. ಇನ್ನೊಂದು ಪುಸ್ತಕ ಬರೆಯುವುದಕ್ಕಿಂತ ಇನ್ನೂ ಹನ್ನೊಂದು ವರ್ಷ ಅಮೆಜಾನಿನಲ್ಲಿರುವುದೇ ಲೇಸೆಂದು ಹೇಳುತ್ತಿದ್ದನಂತೆ. 1864ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಸಹಾಯಕ ಕಾರ್ಯದರ್ಶಿಯಾಗಿ, 1892ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲೇ ಇದ್ದ. ಇತರರ ಯಾತ್ರೆಗಳ ಕಾಗದಪತ್ರಗಳು ಅವನ ಮೇಜಿನ ಮೇಲೆ ಬರುತ್ತಿದ್ದವು, ಹೋಗುತ್ತಿದ್ದವು. ಆತ ಮಾತ್ರ ಮತ್ತೆ ಅಮೆಜಾನಿಗೆ ಹೋಗಲಿಲ್ಲ.