ಮುಪ್ಪಿನ ಮೊಗ

ಇಳಿವಯಸ್ಸಿನ ಕಲಾವಿದನ ಕುಂಚ ಒರಟಾಯಿತೆಂದರೆ ಕೈ ಸೋತಿತೆಂದು ತೀರ್ಪು ಕೊಡುವ ವಿಮರ್ಶಕರು ಎಲ್ಲ ಕಾಲದಲ್ಲಿಯೂ ಉಂಟು. ಅಂಥವರು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹದಲ್ಲಿರುವ ಒಂದು ಭಾವಚಿತ್ರವನ್ನು ನೋಡಬೇಕು. ಡಚ್ ಕಲಾವಿದ ರೆಂಬ್ರಾಂಟ್ 1661ರ ಸುಮಾರಿನಲ್ಲಿ ಬರೆದ ಮಾರ್ಗರೆಟಾ ದ ಗೀರ್ ಎಂಬ ವೃದ್ಧೆಯ ಚಿತ್ರವದು.

ಆಕೆ ಡೋರ್ಡ್ರೆಕ್ಟ್ ನಗರದ ಸಿರಿವಂತ ಕಬ್ಬಿಣ ಮತ್ತು ಆಯುಧಗಳ ವ್ಯಾಪಾರಿ ಯಾಕೋಬ್ ಟ್ರಿಪ್ಪನ ಮಡದಿ. ವಯಸ್ಸು ಎಂಬತ್ತರ ಸಮೀಪ. ಕಲಾವಿದನೋ 1656ರಲ್ಲಿ ದಿವಾಳಿಯಾಗಿ, ಮನೆಯನ್ನೂ ಕಲಾಸಂಗ್ರಹವನ್ನೂ ಹರಾಜಿಗೆ ತೆತ್ತವನು. ಸಾಲಿಗರ ಕಾಟ ತಪ್ಪಿಸಲೆಂದು ಸಂಗಾತಿ ಹೆಂಡ್ರಿಕ್ಯೆ ಮತ್ತು ಮಗ ಟೀಟಸ್ ಹೂಡಿದ ವ್ಯವಹಾರದಲ್ಲಿ ನೌಕರನೆನಿಸಿದ್ದವನು. ಆಮ್ಸ್ಟರ್‌ಡ್ಯಾಮಿನ ಶ್ರೀಮಂತರ ಒಲವು ಆ ವೇಳೆಗೆ ನುಣುಪಾದ, ಥಳಥಳಿಸುವ ಚಿತ್ರಗಳತ್ತ ಹೊರಳಿತ್ತು. ಅವನ ಶಿಷ್ಯ ಫರ್ಡಿನಾಂಡ್ ಬೋಲನೇ ಆ ಹಾದಿ ಹಿಡಿದು ಮನ್ನಣೆ ಗಳಿಸಿದ್ದನು. ಗಿರಾಕಿಯನ್ನು ಮೆಚ್ಚಿಸುವ ಬಗೆ ರೆಂಬ್ರಾಂಟನಿಗೆ ತಿಳಿಯದೆ? 1630ರ ದಶಕದಲ್ಲಿ ಅದೇ ನಗರದ ಧನಿಕರು ಅವನ ಬಾಗಿಲಿಗೆ ಬರುತ್ತಿದ್ದರಲ್ಲ!

ಚಿತ್ರವನ್ನೇ ನೋಡೋಣ. ಕತ್ತಲೆಯ ಹಿನ್ನೆಲೆ, ತುಪ್ಪಳದ ಅಂಚಿನ ಕಪ್ಪು ನಿಲುವಂಗಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಮುದುಕಿ. ಕೊರಳ ಸುತ್ತ ಬೀಸುಕಲ್ಲಿನಂತೆ ಅಗಲವಾದ, ಗಂಜಿ ಹಾಕಿದ ನೆರಿಗೆಯ ಬಿಳಿಯ ಪಟ್ಟಿ. ಅದರ ಕಾಲ ಮುಗಿದು ದಶಕಗಳೇ ಕಳೆದಿದ್ದುವು. ಆಕೆ ಬಿಟ್ಟಿಲ್ಲ, ಅವನೂ ಬಿಡಿಸಿಲ್ಲ. ಆ ಪಟ್ಟಿಯ ಗರಿಗರಿಯನ್ನು ಅವನು ಎಷ್ಟು ಹದವರಿತು ತಂದಿದ್ದಾನೆಂಬುದನ್ನು ಕಂಡ ಮೇಲೆ ಕೈ ಸೋತಿತೆಂಬ ಮಾತು ನಿಲ್ಲದು. ಅದರ ಮೇಲಿನ ಮುಖವಾದರೋ ಬೇರೆಯೇ ಪರಿ. ದಪ್ಪ ಬಣ್ಣ, ಒಂದರೊಡನೊಂದು ಬೆರೆಯದ ಕುಂಚದ ಎಳೆಗಳು, ಸವೆದ ಕೆನ್ನೆ, ತುಸು ಕೆಂಪಾದ ಕಣ್ಣಂಚು. ಕೈಗಳನ್ನಂತೂ ಹತ್ತಿರದಿಂದ ನೋಡಿದರೆ ಬರಿಯ ಬಣ್ಣದ ಮುದ್ದೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಎಲುಬು, ನರ, ಸಡಿಲಿದ ಚರ್ಮ, ಒಂದು ಕೈಯಲ್ಲಿ ಕರವಸ್ತ್ರ. ನುಣ್ಣನೆಯ ಬಣ್ಣಕ್ಕೆ ಈ ಮುಪ್ಪು ಹೇಗೆ ದಕ್ಕೀತು?

ನಮಗೆ ಬೆರಗು ಹುಟ್ಟಿಸುವುದು ಇಷ್ಟು: ಎಲ್ಲವನ್ನೂ ಕಳೆದುಕೊಂಡವನು ಎಲ್ಲವೂ ಉಳ್ಳವಳೆದುರು ಕುಳಿತಾಗ ಮುಖಸ್ತುತಿಯೂ ಇಲ್ಲ, ಹಗೆಯೂ ಇಲ್ಲ. ತೋಪು ಮಾರಿದ ಮನೆತನದ ಬಿಗುಮಾನವನ್ನು ಆ ನೆಟ್ಟಗಿನ ಬೆನ್ನಿನಲ್ಲಿ ಇದ್ದಂತೆಯೇ ಇರಗೊಟ್ಟು, ದೇಹದ ದಣಿವನ್ನು ಮರೆಮಾಚದೆ ಬರೆದಿದ್ದಾನೆ.

ಗಂಡನ ಜೋಡಿಚಿತ್ರವೂ ಅದೇ ಸಂಗ್ರಹದಲ್ಲಿದೆ. ಅದು ಇನ್ನಷ್ಟು ಸಡಿಲವಾದುದು, ಮಸುಕಿನಲ್ಲಿ ಕರಗುತ್ತಿರುವಂಥದು. ರೆಂಬ್ರಾಂಟ್ 1669ರಲ್ಲಿ ತೀರಿಕೊಂಡನು. ಅವನಿಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿರಿಯಳಾದ ಈ ಮುದುಕಿ 1672ರವರೆಗೆ ಬದುಕಿದ್ದಳು.